ಮುಗಿಸದ ಆಟಕ್ಕೆ ಬರೆದ ಅಭಿಪ್ರಾಯ

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಬಟ್ಟೆ ಒಗೆಯುವ ಒಂದೇ ಕೋಣೆ. ಮೊನ್ನೆ ಶನಿವಾರ ಬೆಳಿಗ್ಗೆ ಅಲ್ಲಿನ ಒಣಗಿಸುವ ಕಪಾಟಿನ ಬಾಗಿಲು ತೆರೆದೆ ನೋಡಿ, ಬೆಚ್ಚಗಿನ ಹತ್ತಿಬಟ್ಟೆಯ ಜೊತೆಗೆ ಯಾರೋ ಮರೆತುಹೋದ ಉಣ್ಣೆಯ ಕಾಲುಚೀಲದ ವಾಸನೆಯೂ ಬಂದು ಮೂಗಿಗೆ ಬಡಿಯಿತು. ಮೂರನೇ ಮಹಡಿಯ ಗುನ್‌ವೋರ್ ನೆನಪಾದರು. ಬುಟ್ಟಿಯನ್ನು ನೆಲಕ್ಕಿಟ್ಟು ಅಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಸ್ವೀಡನ್ನಿಗೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ಈ ಕೋಣೆಯೇ. ಮದುವೆ ಛತ್ರವನ್ನು ಕಾಯ್ದಿರಿಸಿದ ಹಾಗೆ ಇಲ್ಲಿ ಬಟ್ಟೆ ಒಗೆಯಲೂ ಸಮಯ ಕಾಯ್ದಿರಿಸಬೇಕು. ನಮ್ಮದು ಶನಿವಾರ ಒಂಬತ್ತರಿಂದ ಹನ್ನೆರಡು. ಒಮ್ಮೆ ಹನ್ನೆರಡೂ ಹತ್ತಕ್ಕೆ ಇಳಿದು ಬಂದರೆ ನನ್ನ ಒದ್ದೆ ಸೀರೆಯನ್ನು ಯಾರೋ ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಚೀಟಿ ಬರೆದಿದ್ದರು. ಬೈಗುಳವೇನೂ ಇರಲಿಲ್ಲ, ಬರೀ ಗಡಿಯಾರದ ಚಿತ್ರವಿತ್ತು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ನಾನು ಶೋವ್ಡೆ ಎಂಬ ಊರಿನ ಎಂಜಿನ್ ಕಾರ್ಖಾನೆಗೆ ಕೆಲಸಕ್ಕೆಂದು ಬಂದವಳು. ಹುಟ್ಟೂರು ಚಿತ್ರದುರ್ಗ. ವಯಸ್ಸು ನಲವತ್ತೆರಡು, ಮನೆಯಲ್ಲಿ ಗಂಡ ಪ್ರಸನ್ನ, ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರಿಸುವ ಹತ್ತು ವರ್ಷದ ಮಗಳು ಇಂಚರಾ. ಇಂಥ ಗೃಹಸ್ಥೆಗೆ ವಿಡಿಯೋ ಗೇಮಿನ ಹುಚ್ಚು ಹಿಡಿದದ್ದು ಮೊದಲ ಚಳಿಗಾಲದಲ್ಲಿ. ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗಿದ ಮೇಲೆ ಮನುಷ್ಯರು ಏನು ಮಾಡಬೇಕು, ನೀವೇ ಹೇಳಿ. ಪ್ರಸನ್ನ ತನಗಾಗಿ ತಂದುಕೊಂಡ ಯಂತ್ರವನ್ನು ನಾನು ವಶಪಡಿಸಿಕೊಂಡೆ. ಹತ್ತು ಆಟ ಶುರು ಮಾಡುವುದು, ಒಂದನ್ನೂ ಮುಗಿಸದಿರುವುದು, ಇದು ನನ್ನ ರೀತಿ. ಕಷ್ಟದ ಘಟ್ಟ ಬಂತೆಂದರೆ ನನಗೆ ತಟಕ್ಕನೆ ಸಾರಿಗೆ ಒಗ್ಗರಣೆ ಹಾಕುವುದು ನೆನಪಾಗುತ್ತದೆ.

ಒಗೆಯುವ ಕೋಣೆಯ ಮೂಲೆಯಲ್ಲಿ ಒಂದು ಶೆಲ್ಫಿತ್ತು. ಬೇಡವಾದ ಪುಸ್ತಕ, ಹೂದಾನಿ, ಮಕ್ಕಳ ಬೂಟುಗಳನ್ನು ಜನ ಅಲ್ಲಿಡುತ್ತಿದ್ದರು, ಬೇಕಾದವರು ಒಯ್ಯಬಹುದು. ಒಂದು ಶನಿವಾರ ಅಲ್ಲಿ ಗೇಮಿನ ಡಿಸ್ಕ್ ಇದ್ದ ಡಬ್ಬಿಯೊಂದು ಕಾಣಿಸಿತು. ಮುಂದಿನ ವಾರ ಇನ್ನೆರಡು. ಪ್ರತಿಯೊಂದರ ಒಳಗೂ ದಪ್ಪಕ್ಷರದಲ್ಲಿ ಬರೆದ ಚೀಟಿ: ಕೊಳ್ಳಬಹುದು, ಇಲ್ಲವೇ ಕೊಳ್ಳಬೇಡಿ, ಮತ್ತು ಏಕೆ.

ಆ ಚೀಟಿಗಳನ್ನು ಓದಿ ನಾನು ದಂಗಾದೆ. ಪ್ರತಿ ವರ್ಷ ಬರುವ ಫುಟ್‌ಬಾಲ್ ಆಟದ ಚೀಟಿಯಲ್ಲಿ, "ಕೊಳ್ಳಬೇಡಿ. ಹೋದ ವರ್ಷದ್ದೇ ಇದು. ಆಟಗಾರರ ಕ್ಷೌರ ಮಾತ್ರ ಹೊಸದು" ಎಂದಿತ್ತು. ಹೊಲ ಉತ್ತು ಬೆಳೆ ತೆಗೆಯುವ ಆಟಕ್ಕೆ, "ಮೊದಲ ವಾರ ನೆಮ್ಮದಿ, ಆಮೇಲೆ ನೌಕರಿ. ನೌಕರಿ ನಾನು ಮಾಡಿ ಮುಗಿಸಿದ್ದೇನೆ." ಯುದ್ಧದ ಆಟವೊಂದಕ್ಕೆ, "ಹೊರಗೆ ವೀರನ ಚಿತ್ರ, ಒಳಗೆ ಅಂಗಡಿ. ಕತ್ತಿ ಬೇಕೆಂದರೂ ಕಾರ್ಡ್ ಕೇಳುತ್ತದೆ. ಮಕ್ಕಳ ಕೈಗೆ ಕೊಡಬೇಡಿ." ನಗರ ಕಟ್ಟುವ ಆಟಕ್ಕೆ ಮಾತ್ರ, "ಖಂಡಿತ ಕೊಳ್ಳಿ. ಮೊದಲು ಚರಂಡಿ ಮಾಡಿ." ಬರೆದವನು ಕಟ್ಟಡದ ಯಾವುದೋ ಕಾಲೇಜು ಹುಡುಗ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಗೇಮ್ ಮಾಡುವುದನ್ನೇ ಓದುತ್ತಿರಬೇಕು ಎಂದುಕೊಂಡೆ.

ಈಗ ನನ್ನ ಕಳ್ಳತನದ ವಿಷಯ. ನಮ್ಮ ಕಡೆಯ ಕನ್ನಡಿಗರದೊಂದು ವಾಟ್ಸಾಪ್ ಗುಂಪಿದೆ. ಮಕ್ಕಳ ಹುಟ್ಟುಹಬ್ಬ ಬಂದಾಗ, ಯಾವ ಗೇಮ್ ತರೋದು ಎಂದು ತಾಯಂದಿರು ಅಲ್ಲಿ ಕೇಳುತ್ತಿದ್ದರು. ನಾನು ಚೀಟಿಯ ಮಾತನ್ನೇ ಕನ್ನಡಕ್ಕೆ ಇಳಿಸಿ ನನ್ನದೆಂಬಂತೆ ಹಾಕತೊಡಗಿದೆ. ಎರಡೇ ತಿಂಗಳಲ್ಲಿ ನಾನು "ಗೇಮ್ ಅಕ್ಕ" ಆದೆ. ದೂರದ ದೊಡ್ಡ ನಗರದ ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸುಗಳಿಂದೆಲ್ಲ ಜನ ನನಗೆ ಮೆಸೇಜು ಮಾಡಿ ಕೇಳುವಂತಾಯಿತು. ಆ ಬಿರುದು ನನಗೆ ಎಷ್ಟು ಹಿತವಾಗಿತ್ತೆಂದರೆ, ಆಡದ ಆಟಗಳ ಬಗ್ಗೆಯೂ ಧಾರಾಳವಾಗಿ ಮಾತಾಡುತ್ತಿದ್ದೆ.

ಆಮೇಲೆ ಬಂತು ಆ ದೋಣಿಯ ಆಟ. ಒಬ್ಬ ಹುಡುಗಿ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಟಪಾಲು ಒಯ್ಯುತ್ತಾಳೆ. ಕೊನೆಯ ಕಾಗದ ಬಿರುಗಾಳಿಯ ಆಚೆಯ ದ್ವೀಪಕ್ಕೆ. ಚೀಟಿಯಲ್ಲಿ ಕೊಳ್ಳಿ ಎಂದೂ ಇರಲಿಲ್ಲ, ಬೇಡ ಎಂದೂ ಇರಲಿಲ್ಲ. "ಬಿರುಗಾಳಿ ದಾಟಲಾಗಲಿಲ್ಲ. ಮುಗಿಸದವರು ಅಭಿಪ್ರಾಯ ಹೇಳಬಾರದು" ಎಂದಷ್ಟೇ ಇತ್ತು. ಒಯ್ದೆ. ಮನೆಯಲ್ಲಿ ಮೂರು ವಾರ ಬಿದ್ದಿತ್ತು, ಡಬ್ಬಿ ತೆರೆಯಲಿಲ್ಲ. ಬೇರೆ ಯಾರಿಗಾದರೂ ಆಗಲಿ ಎಂದು ವಾಪಸ್ ಇಡಲು ಹೊರಟಾಗ ನಮ್ಮಮ್ಮನ ಅಭ್ಯಾಸ ಅಡ್ಡ ಬಂತು. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು: ಪಕ್ಕದ ಮನೆಯವರು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ, ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ, "ತುಂಬಾ ಚೆನ್ನಾಗಿತ್ತು ರೀ" ಎನ್ನಬೇಕು. ತಿಂದಿರಲಿ, ಬಿಟ್ಟಿರಲಿ. ನಾನೂ ಒಂದು ಚೀಟಿ ಬರೆದೆ: "ಆಡಿ ಮುಗಿಸಿದೆ. ಕೊನೆ ಬಹಳ ಸುಂದರವಾಗಿದೆ. ಖಂಡಿತ ಕೊಳ್ಳಿ. ಧನ್ಯವಾದಗಳು." ಮರ್ಯಾದೆಗೆಂದು ಕೆಳಗೆ ಮನೆಯ ನಂಬರನ್ನೂ ಹಾಕಿದೆ. ಅದೇ ಮಾತನ್ನು ವಾಟ್ಸಾಪ್ ಗುಂಪಿಗೂ ಹಾಕಿದೆ.

ಮುಂದಿನ ಭಾನುವಾರ ಕಾಲಿಂಗ್ ಬೆಲ್ ಆಯಿತು. ಸ್ವೀಡನ್ನಿನಲ್ಲಿ ಹೇಳದೆ ಕೇಳದೆ ಯಾರಾದರೂ ಬೆಲ್ ಒತ್ತಿದರೆ ಅದೇ ಒಂದು ಗಾಬರಿ. ತೆರೆದರೆ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ, ಕೈಯಲ್ಲಿ ಆ ದೋಣಿಯ ಆಟ. ಕಾಲಲ್ಲಿ ಬೂದು ಬಣ್ಣದ ಉಣ್ಣೆಯ ಕಾಲುಚೀಲ. ಹೆಸರು ಗುನ್‌ವೋರ್, ಮನೆ ಮೂರನೇ ಮಹಡಿ, ಹಿಂದೆ ಒಂದು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದೆ ಎಂದು ತಾವೇ ಪರಿಚಯ ಹೇಳಿಕೊಂಡರು. ಚೀಟಿ ಬರೆಯುತ್ತಿದ್ದ ಕಾಲೇಜು ಹುಡುಗ ಇವರೇ ಎಂಬುದು ನನ್ನ ತಲೆಗಿಳಿಯಲು ಅರ್ಧ ನಿಮಿಷ ಬೇಕಾಯಿತು. ಒಳಗೆ ಕರೆದು ಕಾಫಿ ಮಾಡಿದೆ.

ಕಾಫಿ ಕುಡಿಯುತ್ತಾ ಅವರು ವಿಷಯ ಹೇಳಿದರು. ಇಲ್ಲಿನ ಹಿರಿಯರಲ್ಲಿ ಒಂದು ಪದ್ಧತಿಯಿದೆ, ದೋಸ್ಟೆಡ್‌ನಿಂಗ್ ಎನ್ನುತ್ತಾರೆ. ಸಾಯುವ ಮೊದಲು ತಮ್ಮ ಸಾಮಾನನ್ನು ತಾವೇ ವಿಲೇವಾರಿ ಮಾಡಿ ಮನೆ ಚೊಕ್ಕ ಮಾಡುವುದು, ಹಿಂದೆ ಉಳಿದವರಿಗೆ ತೊಂದರೆಯಾಗಬಾರದೆಂದು. ಗುನ್‌ವೋರ್ ಮಾಡುತ್ತಿದ್ದದ್ದು ಅದನ್ನೇ. ಡಾಕ್ಟರು ಬೇಸಿಗೆಯ ಮಾತನ್ನೇ ಆಡುತ್ತಿಲ್ಲ ಎಂದರು, ಬಸ್ಸು ತಡವಾಗಿದೆ ಎನ್ನುವ ದನಿಯಲ್ಲಿ. ನಾನು ವಾರವಾರ ಖುಷಿಯಿಂದ ಬಾಚಿಕೊಂಡು ಬರುತ್ತಿದ್ದದ್ದು ಸಾಯಲಿರುವ ಹೆಂಗಸೊಬ್ಬರ ಮನೆಯ ಸಾಮಾನು.

"ನೀನು ಮುಗಿಸಿದ್ದೀಯಂತೆ," ಎಂದರು. "ನನ್ನ ಕೈ ಈಗ ನಡುಗುತ್ತೆ, ಬಿರುಗಾಳಿ ದಾಟೋಕೆ ಆಗಲ್ಲ. ಒಂದು ಸಲ ಮುಗಿಸಿ ತೋರಿಸು. ಆ ದ್ವೀಪದಲ್ಲಿ ಯಾರಿದ್ದಾರೆ ಅಂತ ನೋಡಬೇಕು ನನಗೆ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು. ಸುಳ್ಳನ್ನು ಮುಂದುವರಿಸುವ ದಾರಿಗಳನ್ನೆಲ್ಲ ಒಂದು ಕ್ಷಣ ಹುಡುಕಿದೆ, ನಿಜ ಹೇಳಬೇಕಲ್ಲ. ಕೊನೆಗೆ ತಲೆತಗ್ಗಿಸಿ ಒಪ್ಪಿಕೊಂಡೆ: ಮುಗಿಸಿಲ್ಲ, ಡಬ್ಬಿ ಕೂಡ ತೆರೆದಿಲ್ಲ. ನಮ್ಮ ಕಡೆ ಡಬ್ಬಿ ಹಿಂದಿರುಗಿಸುವ ರೀತಿ ಹೀಗೆ ಎಂದು ಅಮ್ಮ, ಸಕ್ಕರೆ ಎಲ್ಲವನ್ನೂ ತಡವರಿಸುವ ಸ್ವೀಡಿಷ್‌ನಲ್ಲಿ ವಿವರಿಸಿದೆ. ಗುನ್‌ವೋರ್ ಕಾಫಿಯ ಲೋಟವನ್ನು ಕೆಳಗಿಟ್ಟರು.

"ಆದರೆ ಆ ಆಟವನ್ನು ನಾನೇನು ಅಡುಗೆ ಮಾಡಿರಲಿಲ್ಲವಲ್ಲ," ಎಂದರು. ಆಮೇಲೆ ಎದ್ದು ನಿಂತು, "ಹಾಗಾದರೆ ಕಲಿ. ಶನಿವಾರ ನಿನ್ನ ಬಟ್ಟೆ ಮೂರು ಗಂಟೆ ತಿರುಗುತ್ತಿರುತ್ತೆ, ನನಗೆ ಗೊತ್ತು," ಎಂದು ಹೊರಟರು.

ಏಳು ಶನಿವಾರ ಹೋದೆ. ಯಂತ್ರಕ್ಕೆ ಬಟ್ಟೆ ತುಂಬಿ ಮೂರನೇ ಮಹಡಿ ಹತ್ತುವುದು, ಅವರ ಸೋಫಾದಲ್ಲಿ ಕೂತು ದೋಣಿ ಮುಳುಗಿಸುವುದು. ಕ್ರೇನಿನ ಸನ್ನೆಗೋಲುಗಳನ್ನು ಎಳೆದ ಕೈ ಅವರದು. "ಎಡಗೈ ಸಡಿಲ ಬಿಡು, ತಡಿ, ಈಗ ತಿರುಗಿಸು" ಎಂದು ಪಕ್ಕದಿಂದ ಹೇಳಿಕೊಡುತ್ತಿದ್ದರು. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಗೆಯೇ ಏಳುತ್ತಿರಲಿಲ್ಲ, ಅವರಿಗೋ ಬೇರೆ ಯಾವ ಸಂಬೋಧನೆಯೂ ಒಗ್ಗುತ್ತಿರಲಿಲ್ಲ. ದ್ವೀಪದಲ್ಲಿ ಹುಡುಗಿಯ ತಾಯಿ ಇರಬೇಕು ಎಂದು ನಾನು. ಯಾರೂ ಇರುವುದಿಲ್ಲ, ಗೇಮ್ ಮಾಡುವವರು ಸೋಮಾರಿಗಳು ಎಂದು ಅವರು. ಇದರ ಮೇಲೆ ನಮಗೆ ನಿಜವಾದ ಜಗಳಗಳೇ ಆದವು. ಪ್ರತಿ ವಾರ ಹೋದಾಗಲೂ ಮನೆಯಲ್ಲಿ ಒಂದೊಂದು ಸಾಮಾನು ಇಲ್ಲವಾಗಿರುತ್ತಿತ್ತು. ಪುಸ್ತಕದ ಬೀರು ಹೋಯಿತು, ಪರದೆಗಳು ಹೋದವು, ಊಟದ ಮೇಜು ಹೋಯಿತು. ಕೊನೆಯ ವಾರ ಸೋಫಾವೂ ಇಲ್ಲದೆ ಎರಡು ಕುರ್ಚಿಗಳಲ್ಲಿ ಕೂತಿದ್ದೆವು.

ಆ ದಿನ ಬಿರುಗಾಳಿ ದಾಟಿದೆ. ಹೇಗೆ ದಾಟಿದೆನೋ ನನಗೇ ಗೊತ್ತಿಲ್ಲ. ಮೋಡ ಸರಿದು ದ್ವೀಪ ಕಾಣಿಸಿತು, ದೋಣಿ ಮರಳಿಗೆ ತಾಗಿತು, ಹುಡುಗಿ ಒಂದು ಕಾಲನ್ನು ನೆಲದ ಮೇಲಿಟ್ಟಳು. ಗುನ್‌ವೋರ್ ಕುರ್ಚಿಯ ತುದಿಗೆ ಬಂದಿದ್ದರು. ತೆರೆ ಕಪ್ಪಾಯಿತು. ಅದರ ಮೇಲೆ ಅಕ್ಷರಗಳು ಮೂಡಿದವು: ಕಥೆ ಎರಡನೆಯ ಭಾಗದಲ್ಲಿ ಮುಂದುವರಿಯುತ್ತದೆ.

ಜೀವಮಾನದಲ್ಲಿ ಎಂದೂ ನನಗೆ ಅಂಥ ಆಘಾತವಾಗಿಲ್ಲ. ಕೊನೆ ಬಹಳ ಸುಂದರವಾಗಿದೆ ಎಂದು ಬರೆದವಳು ನಾನು. ಆ ಆಟಕ್ಕೆ ಕೊನೆಯೇ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ, ಎಣಿಸಿ ಉಳಿದಿದ್ದ ಶನಿವಾರಗಳಲ್ಲಿ ಏಳನ್ನು ಅವರು ಇದಕ್ಕೆ ಸುರಿಯುತ್ತಿರಲಿಲ್ಲ. ಕ್ಷಮಿಸಿ ಎನ್ನಲು ಹೋಗಿ ಅತ್ತುಬಿಟ್ಟೆ.

ಗುನ್‌ವೋರ್ ಚೀಟಿಯನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟು ಬರೆದುಕೊಳ್ಳಲು ಹೇಳಿದರು.

"ಕೊಳ್ಳಬೇಡಿ. ಇದಕ್ಕೆ ಕೊನೆ ಇಲ್ಲ." ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದರು: "ಪಕ್ಕದಲ್ಲಿ ಕೂತು ಜಗಳ ಆಡೋಕೆ ಯಾರಾದರೂ ಇದ್ದರೆ, ಕೊಳ್ಳಬಹುದು."

ಏಪ್ರಿಲ್‌ನಲ್ಲಿ ಅವರು ಹೋದರು. ಮನೆ ಖಾಲಿ ಮಾಡಲೆಂದು ಬಂದ ಸೋದರಳಿಯನಿಗೆ ಅರ್ಧ ಗಂಟೆಯ ಕೆಲಸವೂ ಇರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ನಾನು ನಡೆದದ್ದನ್ನೆಲ್ಲ ಬರೆದು ತಪ್ಪೊಪ್ಪಿಕೊಂಡೆ. ಛೀಮಾರಿಗೆ ಸಿದ್ಧಳಾಗಿ ಕೂತಿದ್ದರೆ, ನನ್ನ ಮಾತು ಕೇಳಿ ಆ ದೋಣಿಯ ಆಟವನ್ನು ಕೊಂಡಿದ್ದ ವೀಣಾ ಎಂಬಾಕೆ ಉತ್ತರಿಸಿದಳು: "ಪರವಾಗಿಲ್ಲ ಬಿಡಿ ಅಕ್ಕ. ನಾವೂ ಅದನ್ನ ಇನ್ನೂ ಓಪನ್ ಮಾಡಿಲ್ಲ. ಸೂಪರ್ ಆಗಿತ್ತು ಅಂತ ನಿಮಗೆ ಮೆಸೇಜ್ ಹಾಕಿದ್ದು ಸುಮ್ನೆ." ಎಷ್ಟೋ ದಿನಗಳ ಮೇಲೆ ನಕ್ಕೆ.

ಎರಡನೆಯ ಭಾಗ ಈಗ ಬಂದಿದೆ. ಬಂದ ದಿನವೇ ತಂದೆ. ಕಷ್ಟದ ಘಟ್ಟಗಳು ಬಂದವು. ಒಗ್ಗರಣೆಗೆಂದು ಎದ್ದು ಹೋಗಲಿಲ್ಲ. ಮೊನ್ನೆ ಶನಿವಾರ, ಮಡಿಸಿದ ಬಟ್ಟೆಯನ್ನು ಮೇಲೆ ತಂದಿಟ್ಟು, ಮಧ್ಯಾಹ್ನದ ಹೊತ್ತಿಗೆ ಅದನ್ನು ಮುಗಿಸಿದೆ. ಹುಡುಗಿ ಮರಳ ಮೇಲೆ ನಡೆದು ಹೋಗುತ್ತಾಳೆ, ಗುಡಿಸಲಿನ ಬಾಗಿಲು ತಟ್ಟುತ್ತಾಳೆ, ಬಾಗಿಲು ತೆರೆಯುತ್ತದೆ. ಅಲ್ಲಿ ತಾಯಿಯೂ ಇರಲಿಲ್ಲ, ಖಾಲಿಯೂ ಇರಲಿಲ್ಲ.

ನಾಯಿ ಇತ್ತು, ಗುನ್‌ವೋರ್. ಬರೀ ಒಂದು ನಾಯಿ, ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ನಾವಿಬ್ಬರೂ ಸೋತೆವು.