ಕೂಸು ಅಳಲಿಲ್ಲವೆಂದು ಅಂಜಿದವರು

ಔಷಧವು ದೇಹದೊಳಗೆ ಹೋಗಿ ಏನು ಮಾಡುತ್ತದೆಂದು ಕಲಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ದೇಹವು ಆ ಔಷಧವನ್ನು ಏನು ಮಾಡುತ್ತದೆಂಬ ಪ್ರಶ್ನೆಯ ಬೆನ್ನು ಹತ್ತಿ ಇಡೀ ಸೇವಾವಧಿಯನ್ನು ಕಳೆದವರು ವಿರಳ. ಬೆಳಗಾವಿಯ ವೈದ್ಯಕೀಯ ಕಾಲೇಜೊಂದರ ಔಷಧಶಾಸ್ತ್ರ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ಡಾ. ಪ್ರಮಿಳಾ ಹಲಗಿಯವರು ಅಂಥವರು. ವಡಗಾವಿಯ ನೇಕಾರರ ಮನೆಯಲ್ಲಿ ಹುಟ್ಟಿದ ಅವರು ಗ್ಲುಕ್ಯುರಾನಿಡೇಶನ್ ಎಂಬ ನಾಲಿಗೆ ತೊಡರುವ ಕ್ರಿಯೆಯನ್ನು ಸುಲಿದ ಬಾಳೆಹಣ್ಣಿನಂತೆ ಹೇಳಿಕೊಡುತ್ತಿದ್ದರು. ಯಕೃತ್ತು ಔಷಧದ ಕಣಕ್ಕೆ ಸಕ್ಕರೆಯ ಕುಲದ ಒಂದು ಆಮ್ಲವನ್ನು ಅಂಟಿಸುತ್ತದೆ. ಅಂಟಿದ ಮೇಲೆ ಅದು ನೀರಿನಲ್ಲಿ ಕರಗಿ ಸುಲಭವಾಗಿ ಹೊರಬೀಳುತ್ತದೆ. ನಾವು ಉಣ್ಣುವ ಅರಿಶಿನ, ಶುಂಠಿಯ ಸತ್ವಗಳಿಗೂ ಇದೇ ದಾರಿ.

ಈ ಪಾಠವು ಅವರ ಶಿಷ್ಯೆ ಕೇತಕಿಯವರ ಪಾಲಿಗೆ ಜೀವದ ಪ್ರಶ್ನೆಯಾದ ಸಂಗತಿಯನ್ನು ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯಲಾಗಿದೆ.

ಕೇತಕಿ ಖಾನಾಪುರದವರು. ಪ್ರಮಿಳಾ ಅವರ ವಿದ್ಯಾರ್ಥಿನಿಯಾಗಿ ಬಂದು ಅದೇ ವಿಭಾಗದಲ್ಲಿ ಅಧ್ಯಾಪಕಿಯಾದರು. ಹೈಸ್ಕೂಲಿನ ದಿನಗಳಿಂದ ಅವರಿಗೆ ಮೂರ್ಛೆರೋಗವಿತ್ತು. ಲ್ಯಾಮೊಟ್ರಿಜಿನ್ ಮಾತ್ರೆಯಿಂದಾಗಿ ಅದು ವರ್ಷಗಟ್ಟಲೆ ತಲೆಯೆತ್ತಿರಲಿಲ್ಲ. ಉದ್ಯಮಬಾಗದ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಮಯೂರ ಎಲ್ಲವನ್ನೂ ತಿಳಿದೇ ಅವರ ಕೈಹಿಡಿದಿದ್ದ. ರಾಮತೀರ್ಥ ನಗರದಲ್ಲಿ ಸಂಸಾರ ಹೂಡಿದರು. ಬಸುರಿಯಾಗಿ ಐದು ತಿಂಗಳಾಗಿದ್ದಾಗ, ಒಂದು ಮಾತ್ರೆಯನ್ನೂ ತಪ್ಪಿಸದಿದ್ದರೂ, ಕೇತಕಿ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳೆದುರಿಗೇ ಕುಸಿದುಬಿದ್ದರು. ಎಚ್ಚರವಾದಾಗ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದರು. ತಲೆ ಪ್ರಮಿಳಾ ಅವರ ತೊಡೆಯ ಮೇಲಿತ್ತು. ಕೈ ತಾನಾಗಿಯೇ ಹೊಟ್ಟೆಯನ್ನು ತಡಕಾಡಿತು.

“ಕೂಸು?”

“ಹೊಟ್ಟಿ ಮ್ಯಾಲ ಬಿದ್ದಿಲ್ಲ ನೀ. ಆದ್ರೂ ಈಗಿಂದೀಗ ತೋರಿಸ್ಕೊಂಡ ಬರೂಣು, ಏಳು” ಎಂದರು ಪ್ರಮಿಳಾ.

ಕೂಸು ಸುಖವಾಗಿತ್ತು. ಕೇತಕಿಯ ರಕ್ತದಲ್ಲಿ ಮಾತ್ರ ಔಷಧ ಮೊದಲಿದ್ದುದರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. “ಮಾತ್ರಿ ಸೋತಿಲ್ಲ ಯವ್ವಾ. ಬಸರಾದಾಗ ಯಕೃತ್ತಿನ ಆ ಅಂಟಿಸೂ ಕೆಲಸ ಜೋರ ಆಗ್ತೈತಿ. ನುಂಗಿದ್ದನ್ನ ಲಗೂ ಹೊರಗ ಹಾಕಾಕತ್ತೈತಿ” ಎಂದು ಪ್ರಮಿಳಾ ಬಿಡಿಸಿ ಹೇಳಿದರು. ನರರೋಗದ ತಜ್ಞರು ಮಾತ್ರೆಯ ಪ್ರಮಾಣ ಏರಿಸಿದರು. ಹೆರಿಗೆಯಾದೊಡನೆ ಯಕೃತ್ತು ಮೊದಲಿನ ನಡಿಗೆಗೆ ಮರಳುವುದರಿಂದ ಕೂಡಲೇ ಇಳಿಸತಕ್ಕದ್ದೆಂದು ಒತ್ತಿ ಹೇಳಿದರು. ಅಂದಿನಿಂದ ಕೇತಕಿ ಮೆಟ್ಟಿಲಿಳಿಯಲೂ ಅಂಜಿದರು, ಸ್ನಾನದ ಮನೆಯ ಚಿಲಕ ಹಾಕಲೂ ಅಂಜಿದರು.

ಹೆರಿಗೆ ತವರಿನಲ್ಲಿ, ಎಣಿಸಿದ್ದಕ್ಕಿಂತ ಮೊದಲೇ ಆಯಿತು. ಹೆಣ್ಣು ಕೂಸು. ಮಾತ್ರೆ ಇಳಿಸುವ ಹೊತ್ತು ಬಂದಾಗ ಕೇತಕಿ ಹಿಂಜರಿದರು. ಇಳಿಸಿದ ಮೇಲೆ, ಕೂಸನ್ನೆತ್ತಿಕೊಂಡು ನಿಂತಾಗಲೇ ಮೂರ್ಛೆ ಬಂದುಬಿಟ್ಟರೆ? ತರಗತಿಯಲ್ಲಿ ಇದನ್ನೇ ಪಾಠ ಹೇಳುತ್ತಿದ್ದ ಅಧ್ಯಾಪಕಿ ಏರಿಸಿದಷ್ಟನ್ನೇ ನುಂಗುತ್ತ ಹೋದರು. ಯಾರಿಗೂ ಹೇಳಲಿಲ್ಲ. ಕೆಲವು ದಿನಗಳಲ್ಲಿ ಬಾಗಿಲು ಎರಡಾಗಿ ಕಾಣತೊಡಗಿತು, ನಡೆದರೆ ಜೋಲಿ ಹೊಡೆಯುವಂತಾಯಿತು. ತಾಯಿ ಸುಲಭಾ ಅದನ್ನು ಬಾಣಂತಿಯ ನಿಶ್ಶಕ್ತಿಯೆಂದು ತಿಳಿದರು.

ಕ್ಷೇಮಸಮಾಚಾರ ಕೇಳಲು ಫೋನ್ ಮಾಡಿದ ಪ್ರಮಿಳಾ ಅವರಿಗೆ ಶಿಷ್ಯೆಯ ಮಾತು ತೊದಲುತ್ತಿರುವುದು ಕೇಳಿಸಿತು. ಹೆಚ್ಚು ಮಾತಾಡದೆ ಫೋನಿಟ್ಟು, ಮಯೂರನನ್ನು ಕರೆದುಕೊಂಡು ಆ ಮಧ್ಯಾಹ್ನವೇ ಖಾನಾಪುರಕ್ಕೆ ಬಂದಿಳಿದರು.

“ಬರ್ರಿ ಬಾಯಾರ, ಕುಂದರ್ರಿ” ಎಂದು ಸುಲಭಾ ಸಡಗರದಿಂದ ಕರೆದರು. “ನಮ್ಮ ಮೊಮ್ಮಗಳು ಭಾಳ ಶಾಣ್ಯಾ ಅದ ನೋಡ್ರಿ. ಅಳೂದ ಇಲ್ಲ. ಮೊಲಿ ಕುಡಿಯಾಕೂ ನಾವ ಎಬ್ಬಸಬೇಕು.”

ಪ್ರಮಿಳಾ ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಅದನ್ನು ಕಂಡದ್ದೇ ಕೇತಕಿಗೂ ತಿಳಿಯಿತು. ತಾಯಿಯಲ್ಲಿ ತುಂಬಿ ನಿಂತ ಔಷಧ ಹಾಲಿನಲ್ಲಿ ಇಳಿಯುತ್ತಿತ್ತು. ಹಸುಗೂಸಿನ ಯಕೃತ್ತಿಗೆ ಅದನ್ನು ಹೊರಹಾಕುವ ಕೆಲಸ ಇನ್ನೂ ಕೈಗೂಡಿರಲಿಲ್ಲ. ಪ್ರಮಿಳಾ ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿದರು. ಅದು ಕಣ್ಣು ತೆರೆಯಲಿಲ್ಲ. ಉಸಿರು ಒಮ್ಮೆ ನಿಂತಂತಾಗಿ, ಮತ್ತೆ ಆಡಿತು.

“ಮಾತ್ರಿ ಇಳಿಸೀಯೇನು?”

“ಇಲ್ರಿ ಮೇಡಂ. ಅಂಜಿಕಿ ಬಂತ್ರಿ.”

ಒಂದು ಬಿರುನುಡಿಯನ್ನೂ ಆಡದೆ ಪ್ರಮಿಳಾ ಕೂಸನ್ನೆತ್ತಿಕೊಂಡು ಹೊಸಿಲು ದಾಟಿದರು. ಊರಿನ ಆಸ್ಪತ್ರೆಯಲ್ಲಿ ಉಸಿರಿಗೆ ಆಸರೆ ಕೊಟ್ಟು ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ದಾರಿಯುದ್ದಕ್ಕೂ ಪ್ರಮಿಳಾ ಅವರ ಬೆರಳು ಆ ಪುಟ್ಟ ಪಾದದ ಮೇಲಿತ್ತು. ಉಸಿರು ತಡೆದಾಗಲೆಲ್ಲ ತಟ್ಟುತ್ತಿತ್ತು. ಕೇತಕಿ ಕೂಸಿನ ಮುಖ ನೋಡಲಾರದೆ ಆ ಬೆರಳನ್ನೇ ನೋಡುತ್ತ ಕುಳಿತಿದ್ದರು.

ಎದೆಹಾಲು ನಿಲ್ಲಿಸಿ ಕೂಸನ್ನು ನಿಗಾದಲ್ಲಿಟ್ಟರು. ಅದರ ರಕ್ತದಲ್ಲಿ ಔಷಧ ಸಿಕ್ಕಿತು. ಇತ್ತ ತಾಯಿಯ ಮಾತ್ರೆಯನ್ನೂ ತಜ್ಞರು ಇಳಿಸಲಾರಂಭಿಸಿದರು. ಕಡಿಮೆಯಾದ ಮೊದಲ ಮಾತ್ರೆಯನ್ನು ಕೈಯಲ್ಲಿಟ್ಟುಕೊಂಡು ಕೇತಕಿ ಕೂತೇ ಇದ್ದರು. ರಜೆ ಹಾಕಿ ಬಂದಿದ್ದ ಪ್ರಮಿಳಾ ಮಂಚದ ಬಾಜು ಕುಳಿತು, “ನನಗೂ ಅಂಜಿಕಿ ಐತಿ. ಇಬ್ರೂ ಕೂಡೇ ಅಂಜೂಣು. ಆದ್ರ ಡಾಕ್ಟರು ಹೇಳಿದ್ದನ್ನ ಬಿಡೂದು ಬ್ಯಾಡ” ಎಂದರು. ಕೇತಕಿ ನುಂಗಿದರು. ಆ ದಿನ ಮೂರ್ಛೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಬಾಗಿಲು ಮತ್ತೆ ಒಂದೇ ಆಗಿ ಕಂಡ ದಿನ ಕೂಸು ತಾನಾಗಿಯೇ ಕಣ್ಣು ತೆರೆದು ಹಾಲಿಗಾಗಿ ಬಾಯಿ ಆಡಿಸಿತು.

ಆ ಕೂಸು ಮುಗ್ಧಾ ಈಗ ಸಾಲೆಗೆ ಹೋಗುತ್ತಾಳೆ. ಅಂದಿನಿಂದ ಪ್ರಮಿಳಾ ಅವರು ಹೆರಿಗೆ ವಾರ್ಡಿನ ದಾದಿಯರಿಗೆ ವರ್ಷವರ್ಷವೂ ತಿಳಿಹೇಳುತ್ತ ಬಂದಿದ್ದಾರೆ. ತಾಯಿ ಯಾವ ಮಾತ್ರೆ ನುಂಗುತ್ತಿದ್ದಾಳೆಂದು ಕೇಳಿ, ಹಾಲು ಕುಡಿಯದ ಮೌನಿ ಕೂಸನ್ನು ಹೊಗಳಬೇಡಿ, ಎಬ್ಬಿಸಿ ನೋಡಿ ಎನ್ನುತ್ತಾರೆ.

ನಿವೃತ್ತಿಯ ಸುದ್ದಿ ತಿಳಿದಂದು ಕೇತಕಿ, “ಇನ್ನ ಯಾರನ್ನ ಕೇಳೂದ್ರಿ ಮೇಡಂ?” ಎಂದು ಕಣ್ಣೀರು ತಂದುಕೊಂಡರು.

“ಫೋನ ಐತೆಲ್ಲ? ಮೊದಲ ನನಗ ಹೇಳು, ಆಮ್ಯಾಲ ಅಂಜು” ಎಂದರು ಪ್ರಮಿಳಾ.

ಆ ಫೋನಿಗೆ ಓಗೊಡುವ ದನಿ ನೂರ್ಕಾಲ ಗಟ್ಟಿಯಾಗಿರಲಿ. ಮನೆಯ ಬಿಡುವು ಅವರಿಗೆ ಹಿತವಾಗಲಿ. ವಾರ್ಡಿನ ದಾದಿಯರಿಗೆ ಅವರು ಹೇಳುವ ಬುದ್ಧಿಗೆ ಮಾತ್ರ ಎಂದೂ ಬಿಡುವು ಸಿಗದಿರಲಿ.