ಮಾಳಿಗೆಯ ಮೇಲಿನ ಕೆಂಪು ಸೀರೆ

ಎದುರು ಮನೆಯ ಬಾಲ್ಕನಿಯಲ್ಲಿ ಇವತ್ತು ಯಾರೋ ಕೆಂಪು ಸೀರೆ ಒಣಹಾಕಿದ್ದಾರೆ.

ಚಿಕ್ಕಂದಿನಲ್ಲಿ ರಜೆಗೆ ಅಜ್ಜಿಯ ಊರು ಹೂಲಿಗೆ ಹೋದಾಗ ನಾನೂ ತಂಗಿಯೂ ಗುಡ್ಡದ ಮೇಲೆ, ಹಳೇ ಗುಡಿಗಳ ನಡುವೆ ಅಲೆಯುತ್ತಿದ್ದೆವು. ಕೂಗಿದರೆ ಅಲ್ಲಿಗೆ ಕೇಳಿಸದು. ಅದಕ್ಕೇ ರೊಟ್ಟಿ ಬೆಂದ ಮೇಲೆ ಅಜ್ಜಿ ಮಣ್ಣಿನ ಮಾಳಿಗೆಯ ಮೇಲೆ ತನ್ನ ಕೆಂಪು ಇಳಕಲ್ ಸೀರೆ ಹರವುತ್ತಿದ್ದಳು. ಅದು ಕಂಡರೆ ನಾವು ಇಳಿಯಬೇಕು.

ಒಮ್ಮೆ ಇಳಿದು ಬಂದರೆ ಅಜ್ಜಿ, "ಇನ್ನೂ ಹಿಟ್ಟ ನಾದಿಲ್ಲ, ಯಾಕ ಬಂದ್ರಿ?" ಅಂದಳು. ನಾವು ಕಂಡಿದ್ದು ಪಕ್ಕದ ಮನೆಯ ಮಾಬೂಬಿ ದೊಡ್ಡವ್ವ ತನ್ನ ಮಾಳಿಗೆಯ ಮೇಲೆ ಸುಮ್ಮನೆ ಒಣಹಾಕಿದ್ದ ಕೆಂಪು ಸೀರೆ.

ದೊಡ್ಡವ್ವ ನಕ್ಕಳು. "ನನ್ನ ಸೀರಿ ನೋಡಿ ಬಂದೀರಿ ಅಂದ್ರ ಊಟಾನೂ ನಮ್ಮ ಮನ್ಯಾಗ. ಬರ್ರಿ, ಕುಂದರ್ರಿ."

ಮರುದಿನ ಎರಡೂ ಮಾಳಿಗೆಗಳ ಮೇಲೆ ಕೆಂಪು ಸೀರೆಗಳಿದ್ದವು.

ಎದುರು ಮನೆಯವರ ಹೆಸರೂ ನನಗೆ ಗೊತ್ತಿಲ್ಲ. ಸೀರೆ ನೋಡಿ ಹಸಿವಾಯಿತು, ಅಷ್ಟೇ.