ಗುಡ್ಡಣ್ಣನ ಹತ್ತು ನಿಮಿಷ

ದೋಣಿ ಎಳೆಯುವಾಗ ಬಲಗೈ ಮುರಿದು ಮನೆಯಲ್ಲಿ ಕೂತ ಗುಡ್ಡಣ್ಣನನ್ನು ಕುಂದಾಪುರದ ಸಣ್ಣ ರೇಡಿಯೋ ಕೇಂದ್ರದವರು ಕರೆದು, ದಿನಾ ಬೆಳಿಗ್ಗೆ ಹತ್ತು ನಿಮಿಷ ಕೊಟ್ಟರು. ಗಾಳಿ ಹೇಗಿದೆ, ಬಂಗುಡೆಗೆ ಎಷ್ಟು ರೇಟು, ಯಾರು ಸತ್ತರು, ಇಷ್ಟೇ ಹೇಳುವುದು. ದೋಣಿಯವರಾದ ನಮಗೆ ಕೊನೆಯದೇ ಮುಖ್ಯ. ಕೇರಿಯಲ್ಲಿ ಹೆಣ ಇದ್ದ ದಿನ ಬಲೆ ಬಿಡುವಂತಿಲ್ಲ; ಕಡಲಿಗೆ ಇಳಿದ ದೋಣಿಯೂ ತಿರುಗಿ ಬರಬೇಕು. ಸಿಗ್ನಲ್ ಸಿಗದ ಕಡಲಲ್ಲಿ ಫೋನನ್ನು ಯಾರು ನೆಚ್ಚುತ್ತಾರೆ? ಗುಡ್ಡಣ್ಣನ ಗಂಟಲೇ ಗತಿ.

ಆಮೇಲೆ ಸ್ಯಾಟಲೈಟ್ ರೇಡಿಯೋ ಬಂತು. ಮೊದಲು ತಂದವನು ನಾನೇ. ಎಷ್ಟು ದೂರ ಹೋದರೂ ಕರಕರ ಇಲ್ಲದ ಹಾಡು. ನನ್ನದು ನೋಡಿ ಎಲ್ಲರೂ ತಂದರು; ಹಳೆಯ ರೇಡಿಯೋಗಳು ಮೂಲೆ ಸೇರಿದವು.

ಗುಡ್ಡಣ್ಣ ದಡಕ್ಕೇ ಬಂದ. "ಹ್ವಾಯ್ ಚಂದ್ರ, ದಿನಪೂರ್ತಿ ಅದನ್ನೇ ಕೇಣ್. ಬೆಳಿಗ್ಗೆ ಹತ್ ನಿಮಿಷ ನನ್ನದ್ ಹಾಕ್ ಮಾರಾಯ. ಕೇಂಬವ್ರಿಲ್ದಿರೆ ನನ್ನ ತೆಗುದ್ ಹಾಕ್ತ್ರಂಬ್ರ್."

"ನಿನ್ನ ಒಡ್ಕ್ ಗಂಟ್ಲ್ ಯಾರಿಗ್ ಬೇಕ್? ಮನಿಗ್ ಹೋಯ್ ಮನಿಕೊ!" ಎಂದೆ. ಬಲೆ ಬಿಡಿಸುತ್ತಿದ್ದವರೆಲ್ಲ ನಕ್ಕರು. ಅವನೂ ನಕ್ಕ.

ಕಳೆದ ನವೆಂಬರಿನಲ್ಲಿ ನಾನು ಕಡಲಲ್ಲಿದ್ದಾಗ ನನ್ನ ತಾಯಿ ಸೀತು ಬಾವಿಕಟ್ಟೆಯಲ್ಲಿ ಕುಸಿದು ತೀರಿಕೊಂಡಳು. ಗುಡ್ಡಣ್ಣ ರೇಡಿಯೋದಲ್ಲಿ ಹೇಳಿದ. ಒಂದು ದೋಣಿಯೂ ತಿರುಗಲಿಲ್ಲ. ಹತ್ತು ನಿಮಿಷ ಮುಗಿದರೂ ಅವನು ಮೈಕು ಬಿಡಲಿಲ್ಲವಂತೆ. "ಚಂದ್ರಾ, ನಿನ್ನ ಅಬ್ಬಿ ಹೋಯ್ರ್. ಬಲೆ ಕಡ್ದಾರೂ ಬಾ" ಎಂದು ಮುಕ್ಕಾಲು ಗಂಟೆ ನನ್ನೊಬ್ಬನನ್ನೇ ಕರೆದ. ಮುಂದಿನ ಕಾರ್ಯಕ್ರಮ ಹೋಯಿತು, ಅದರ ಜಾಹೀರಾತೂ ಹೋಯಿತು. ನಮ್ಮ ದೋಣಿಯಲ್ಲಿ ಆಗ ಹಿಂದಿ ಹಾಡು. ನಾನೂ ಜೊತೆಗೆ ಹಾಡುತ್ತಿದ್ದೆ.

ಸಂಜೆ ಬಂದಾಗ ಸುಟ್ಟು ಆಗಿತ್ತು. ತಮ್ಮ ರತನ್ ಕೊಳ್ಳಿ ಇಟ್ಟಿದ್ದ. ಗುಡ್ಡಣ್ಣ ಮರಳಲ್ಲಿ ಕೂತಿದ್ದ, ಕರೆದು ಕರೆದು ದನಿ ಬಿದ್ದುಹೋಗಿತ್ತು.

"ಕೇಣ್ಲಿಲ್ಯಾ?" ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಹೊತ್ತು ಮೀರಿದ ತಪ್ಪಿಗೆ ವಾರದೊಳಗೆ ಅವನನ್ನು ತೆಗೆದರು. ತಾಯಿಯ ಕ್ರಿಯೆ ಮುಗಿದದ್ದೇ ನಾನು ಬೋಳುಮಂಡೆಯಲ್ಲೇ ಕೇಂದ್ರಕ್ಕೆ ನುಗ್ಗಿ ಮೇಜು ಗುದ್ದಿದೆ. "ಅವ್ನನ್ನ ಎಂತಕ್ಕ್ ತೆಗ್ದದ್ದ್? ಅಷ್ಟ್ ಒಳ್ಳೆ ಕಾರ್ಯಕ್ರಮ!"

ಅಲ್ಲಿ ಕೆಲಸಕ್ಕಿದ್ದ ನವ್ಯಶ್ರೀ ಹೆದರಲಿಲ್ಲ. ಒಂದು ಲೋಟ ನೀರು ತಂದಿಟ್ಟಳು.

"ಹೌದಣ್ಣ, ಒಳ್ಳೇದೇ. ನೀವ್ ಅದನ್ನ ಕೊನಿ ಸರ್ತಿ ಕೇಂಡದ್ದ್ ಯಾವಾಗ?"

ಮೇಜಿನ ಮೇಲಿದ್ದ ಮುಷ್ಟಿ ತೆಗೆದೆ. ನೀರು ಮುಟ್ಟದೆ ಹೊರಗೆ ಬಂದೆ.